ಕಟ್ಟೆ ನನ್ನದು, ಕಿವಿ ಮೊಬೈಲಿನದು

ಈಗ ಕಂಪ್ಯೂಟರ್ ಕಂಪನಿಗಳೇ ತುಂಬಿರುವ ಹಿಂಜವಾಡಿಯಲ್ಲಿ ಮೊದಲ ಗುದ್ದಲಿ ಹಾಕಿದವನು ನಾನು. ಸುಳ್ಳು ಅನ್ನುವುದಾದರೆ ಅವತ್ತು ಅಲ್ಲಿದ್ದವರೇ ಬಂದು ಅನ್ನಬೇಕು. ಇಂಜಿನಿಯರ್ ಸಾಹೇಬರು ತೀರಿಕೊಂಡರು. ಕೂಲಿಯಾಳುಗಳ ಮುಕಾದಮನಿಗೆ ಈಗ ತನ್ನ ಹೆಸರೇ ನೆನಪಿಲ್ಲ. ಉಸುಕು ಹೊತ್ತ ಕತ್ತೆಯದು ಮೊದಲಿನಿಂದಲೂ ಮಾತು ಕಡಿಮೆ.

ಶಾಲೆಯ ಮೆಟ್ಟಿಲು ಹತ್ತಿಲ್ಲ ಅಂತಲೂ ಅನ್ನಬೇಡಿರಿ. ಹತ್ತಿದ್ದೇನೆ, ಗೌಂಡಿಯಾಗಿ ಅದರ ಗೋಡೆಗೆ ಗಿಲಾವು ಮಾಡುವಾಗ. ಈಗ ನಾನು ಹೇಳುತ್ತೇನೆ, ಸೊಸೆ ಬರೆದುಕೊಳ್ಳುತ್ತಾಳೆ.

ನಿಗಡಿಯಲ್ಲಿ, ದುಡಿಯಲು ಊರು ಬಿಟ್ಟು ಬಂದ ಕನ್ನಡದವರ ನಮ್ಮ ಓಣಿಯ ಬಾಯಿಗೆ ಒಂದು ಚಹಾದ ಟಪರಿ, ಅದರ ಮಗ್ಗುಲಿಗೆ ಒಂದು ಕಟ್ಟೆ. ಕಟ್ಟೆ ಕಟ್ಟಿದವನೂ ನಾನೇ. ದಿನಾ ಸಂಜೆ ಅಲ್ಲಿ ಕೂತು ನಾನು ಹಿಂದಿನ ಸಂಗತಿ ಹೇಳುವುದು, ಮಂದಿ ಬಾಯಿ ತೆರೆದು ಕೇಳುವುದು, ಮುಗಿದ ಮೇಲೆ "ಮುತ್ಯಾಗೊಂದು ಚಹಾ ಕೊಡಪ್ಪಾ" ಅನ್ನುವುದು. ಹೀಗೆ ವರ್ಷಗಟ್ಟಲೆ ನಡೆದಿತ್ತು. ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು. ನಾನು ಬಾಯಿ ತೆರೆದರೆ ತಲೆ ಎತ್ತುವವರಿಲ್ಲ. ಕೇಳುವವರಿಲ್ಲದ ಮುದುಕನೂ ಒಂದೇ, ಕಟ್ಟೆಯ ಮೇಲೆ ಮರೆತುಹೋದ ಕೈಚೀಲವೂ ಒಂದೇ.

ಸುಮ್ಮನೆ ಕೂತವನಿಗೆ ಕಾಣುವುದು ಜಾಸ್ತಿ. ಆ ಮೊಬೈಲು ಮಂದಿಯನ್ನು ಕುಣಿಸುವ ಪರಿ ದಿನಕ್ಕೊಂದು ಕಾಣುತ್ತದೆ. ಎಲ್ಲ ಹೇಳಿದರೆ ಸೊಸೆಗೆ ಅಡುಗೆಗೆ ಹೊತ್ತಾಗುತ್ತದೆ, ಅದಕ್ಕೇ ಕೆಲವೇ ಕೆಲವು.

ಟಾಕಿಗೆ ಗೊತ್ತಿಲ್ಲ

ಟಪರಿಯ ಹಿಂದೆಯೇ ನಮ್ಮ ಓಣಿಯ ನೀರಿನ ಟಾಕಿ. ಎಷ್ಟು ಎತ್ತರ ಅಂದರೆ ಮಧ್ಯಾಹ್ನ ಆದಮೇಲೆ ಟಪರಿಗೆ ಅದರದೇ ನೆರಳು. ಒಂದು ದಿನ ಟಪರಿಯವನು ಚಹಾ ಸೋಸುವುದು ಬಿಟ್ಟು ಮೊಬೈಲ್ ಹಿಡಿದು ಕೂಗಿಕೊಂಡ.

"ಮುತ್ಯಾ, ನಮ್ಮ ಓಣಿ ಟಾಕಿ ಕುಸದು ಬಿದ್ದದಂತ! ವಿಡಿಯೋ ಬಂದದ."

"ತಲಿ ಎತ್ತಿ ನೋಡೋ. ಅದರ ನೆರಳಾಗೇ ನಿಂತೀದಿ."

ಅವನು ಟಾಕಿ ನೋಡಿದ, ಮೊಬೈಲ್ ನೋಡಿದ, ಮತ್ತೆ ಟಾಕಿ ನೋಡಿದ.

"ಇದು ಈಗಷ್ಟೇ ಬಂದದ ಮುತ್ಯಾ. ಟಾಕಿಗಿ ಇನ್ನೂ ಗೊತ್ತಾಗಿಲ್ಲ ಕಾಣಸ್ತದ."

ಅಂದವನೇ ಒಲೆ, ಪಾತ್ರೆ ಎತ್ತಿಕೊಂಡು ರಸ್ತೆಯ ಆಚೆಗೆ ಹೋದ. ಹೋಗುವಾಗ ಆ ವಿಡಿಯೋವನ್ನು ಊರಿನ ಬಂಧುಗಳಿಗೆಲ್ಲ ಕಳಿಸಿದ. ಊರಿನಿಂದ ಅಣ್ಣ ಅಳುತ್ತಾ ಫೋನ್ ಮಾಡಿದರೆ, "ಅಳಬ್ಯಾಡೋ ಅಣ್ಣಾ, ಜೀವ ಉಳದದ, ಒಲೀನೂ ಉಳದದ" ಅಂತ ಇವನೇ ಸಮಾಧಾನ ಮಾಡಿದ. ಟಾಕಿ ಇವತ್ತಿಗೂ ಅಲ್ಲೇ ನಿಂತಿದೆ. ಕೇಳಿದರೆ ಅನ್ನುತ್ತಾನೆ, "ಅವತ್ತು ಸ್ವಲ್ಪದಾಗ ಪಾರಾತು."

ಗುಡ್ಡ ಹತ್ತಿದ ಕಾಲು

ಗಾರೆ ಮೆತ್ತುವ ಕರಣಿ ಹಿಡಿದ ಕೈ ನಡುಗಲು ಶುರುವಾದ ಮೇಲೆ ಸ್ವಲ್ಪ ದಿನ ಹಿಂಜವಾಡಿಯ ಒಂದು ದೊಡ್ಡ ಕಟ್ಟಡಕ್ಕೆ ವಾಚಮನ್ ಆಗಿದ್ದೆ. ನಾನಿದ್ದಾಗ ಕಳ್ಳರು ಆ ರಸ್ತೆಯನ್ನೇ ಬಿಟ್ಟಿದ್ದರು, ಅದಿರಲಿ. ಅಲ್ಲಿ ಮೇಲಿನ ಮಹಡಿಯ ಮನೆಯಲ್ಲಿ ಮೈಸೂರು ಕಡೆಯ ಒಬ್ಬ ಕಂಪ್ಯೂಟರ್ ಹುಡುಗ ಇದ್ದ. ಕಟ್ಟಡದ ಹಿಂದೆ ಪಾಯ ತೋಡಿದಾಗಿನ ಕಲ್ಲಿನ ಗುಡ್ಡೆ ಬಿದ್ದಿತ್ತು. ಒಂದು ಭಾನುವಾರ ಬೆನ್ನಿಗೆ ಚೀಲ ಹಾಕಿಕೊಂಡು ಬಂದು ನನ್ನ ಕೈಗೆ ಮೊಬೈಲ್ ಕೊಟ್ಟ.

"ತಾತ, ಒಂದು ಫೋಟೋ. ಸ್ವಲ್ಪ ಬಗ್ಗಿ ಕೆಳಗಿಂದ ತೆಗೀರಿ, ಬೆಟ್ಟ ದೊಡ್ಡದಾಗಿ ಕಾಣ್ಬೇಕು."

ತಲೆಯ ಮೇಲೆ ಬಾಟಲಿ ನೀರು ಸುರಿದುಕೊಂಡ, ಅದು ಬೆವರು. ಎರಡು ಕಲ್ಲು ಹತ್ತಿ ಕೈ ಎತ್ತಿ ನಿಂತ. ನಾನು ತೆಗೆದೆ. ಮೇಲೆ ಹೋಗಿ ಇಡೀ ದಿನ ಮಲಗಿದ. ಸೋಮವಾರ ನೋಡಿದರೆ ಗೇಟಿಗೆ ಕುಂಟುತ್ತಾ ಬಂದ.

"ಕಾಲಿಗಿ ಏನಾತ್ರಿ ಸಾಹೇಬ್ರ?"

"ಟ್ರೆಕ್ಕಿಂಗ್ ತಾತ. ಮೊಣಕಾಲು ಹಿಡ್ಕೊಂಡ್ಬಿಟ್ಟಿದೆ."

"ಅಲ್ರೀ, ಫೋಟೋ ತೆಗದವ ನಾನೇ."

"ಇಲ್ನೋಡಿ, ಫೋಟೋ ಕೆಳಗೆ ಆಫೀಸಿನೋರೆಲ್ಲ ರೆಸ್ಟ್ ತಗೋ, ರೆಸ್ಟ್ ತಗೋ ಅಂತ ಬರೆದಿದ್ದಾರೆ. ಸುಮ್ನೆ ಬರೀತಾರಾ?"

ಅವತ್ತು ರಜೆ ಹಾಕಿದ. ಮುಂದಿನ ಭಾನುವಾರ ನಾನೇ ಕೇಳಿದೆ, "ಫೋಟೋ ತೆಗೀಲೇನ್ರಿ?"

"ಈ ವಾರ ಬೇಡ ತಾತ. ಇನ್ನೂ ನೋವಿದೆ."

ಕೋಟು ಹಾಕಿದವರು

ನಮ್ಮ ಮುದುಕಿಗೆ ಮೊಬೈಲಿನಲ್ಲಿ ಬಿಳಿ ಕೋಟು ಹಾಕಿದವನೊಬ್ಬ, ಜೋಳದ ರೊಟ್ಟಿ ತಿಂದರೆ ಮಂಡಿ ಸವೆಯುತ್ತದೆ ಅಂದ. ಹುಟ್ಟಿದಾಗಿನಿಂದ ರೊಟ್ಟಿ ತಿಂದವಳು ಅವತ್ತೇ ನಿಲ್ಲಿಸಿದಳು, ನಮ್ಮದನ್ನೂ ನಿಲ್ಲಿಸಿದಳು. ಮರುದಿನ ಇನ್ನೊಬ್ಬ ಕೋಟಿನವನು, ರೊಟ್ಟಿ ತಿನ್ನದಿದ್ದರೇ ಮಂಡಿ ಸವೆಯುತ್ತದೆ ಅಂದ.

"ಈಗರೆ ರೊಟ್ಟಿ ಬಡಿ," ಅಂದೆ.

"ತಡೀರಿ. ಇಬ್ಬರೂ ಕೋಟ ಹಾಕ್ಯಾರ. ಮೂರನೇದವ ಬಂದು ಏನಂತಾನ ನೋಡೂಣು."

ಅಲ್ಲಿಯವರೆಗೆ ಮನೆಮಂದಿಗೆಲ್ಲ ಬರೀ ಅನ್ನ. ಕೊನೆಗೂ ಮೂರನೆಯವನು ಬಂದ. ಅವನು ಕೋಟು ಮಾರುವವನು.

ಎಡಗೈ ಏಟು

ಇತ್ತ ಕಟ್ಟೆಯ ಮೇಲೆ ನನ್ನ ಗತಿ ಸುಧಾರಿಸಲಿಲ್ಲ. ಸೊಸೆಗೆ ಕನಿಕರ ಬಂತು.

"ಮಾವಾರ, ಮಂದಿ ಮೊಬೈಲ್ ಬಿಟ್ಟು ಮ್ಯಾಲ ನೋಡಂಗಿಲ್ಲ. ನೀವೇ ಮೊಬೈಲ್ ಒಳಗ ಹೋಗ್ರಿ."

ಚಿರತೆಯ ಸಂಗತಿ ಹೇಳಿದೆ, ಅವಳು ವಿಡಿಯೋ ಮಾಡಿದಳು. ಕೋಥರೂಡದಲ್ಲಿ ಸೊಸೈಟಿಯ ಮನೆಗಳನ್ನು ಕಟ್ಟುವಾಗ ನಡು ಮಧ್ಯಾಹ್ನ ಚಿರತೆಯೊಂದು ನೀರಿನ ಡ್ರಮ್ಮಿಗೆ ಬಾಯಿ ಹಾಕಿತ್ತು. ನನ್ನ ಬಲಗೈಯಲ್ಲಿ ಕರಣಿ. ಸಿಮೆಂಟು ಒಣಗಬಾರದಲ್ಲ, ಅದಕ್ಕೇ ಎಡಗೈಯಿಂದ ಕಪಾಳಕ್ಕೆ ಒಂದು ಕೊಟ್ಟೆ. ಮಾರಿ ಸಣ್ಣದು ಮಾಡಿಕೊಂಡು ಹೋಯಿತು.

ವಿಡಿಯೋ ಓಡಿತು ನೋಡ್ರಿ. ಟಪರಿಯವನು ಮೊಬೈಲ್ ನೋಡಿದ, ನನ್ನನ್ನು ನೋಡಿದ, "ಇವ ನೀನೇ ಏನೋ ಮುತ್ಯಾ!" ಅಂದ. ಇದೇ ಸಂಗತಿಯನ್ನು ನನ್ನ ಬಾಯಿಂದಲೇ ಎಷ್ಟು ಸಲ ಕೇಳಿದವನು! ಬಹಳ ದಿನದ ಮೇಲೆ ಕೇಳದೆಯೇ ಚಹಾ ಬಂತು.

ಆ ಸುಖ ಬಹಳ ದಿನ ಉಳಿಯಲಿಲ್ಲ. ಒಂದು ಸಂಜೆ ಕಟ್ಟೆಯ ತುಂಬ ಮಂದಿ ಒಂದೇ ಮೊಬೈಲಿಗೆ ಮುತ್ತಿಕೊಂಡಿದ್ದರು. ಅದರಲ್ಲಿ ಯಾರೋ ದಪ್ಪ ಮೀಸೆಯ ನಿವೃತ್ತ ಸುಬೇದಾರ. ಅದೇ ಕೋಥರೂಡ, ಅದೇ ಡ್ರಮ್ಮು, ಅದೇ ಕರಣಿ, ಅದೇ ಎಡಗೈ. ಚಿರತೆ ಮಾತ್ರ ಹುಲಿಯಾಗಿತ್ತು. ಹಿಂದೆ ಡೊಳ್ಳು ಬೇರೆ.

"ನೋಡಿ ಕಲಿ ಮುತ್ಯಾ," ಅಂದ ಟಪರಿಯವನು. "ಅವರು ಹುಲಿಗೇ ಹೊಡದಾರ. ನೀ ಅವರದೇ ಕದ್ದು ಚಿರತಿ ಅಂತ ಹೇಳೀದಿ."

"ಲೇ, ಸುಬೇದಾರನ ಕೈಯಾಗ ಕರಣಿ ಯಾಕ ಬಂತು, ಕೇಳು ಅವನಿಗಿ!"

"ದೇಶಕ್ಕಾಗಿ ಅವರು ಏನ್ ಬೇಕಾದ್ದು ಹಿಡೀತಾರ."

ಎಲ್ಲರೂ ಹೌದು ಹೌದು ಅಂದರು. ನನ್ನ ಚಹಾ ಆ ಸುಬೇದಾರನ ಹೆಸರಿನಲ್ಲಿ ಬೇರೆಯವರು ಕುಡಿಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ, ಕಟ್ಟೆಯ ಮೇಲೆ ಹತ್ತಿ ನಿಂತೆ.

"ಆ ಜಾಗದಾಗ ಪಾಯದಿಂದ ಮಾಳಗಿ ತನಕ ಇದ್ದವ ನಾನು! ನಾಕೂ ಕಡಿ ತಗಡು ಹೊಡದಿದ್ವಿ. ಗೇಟಿಗಿ ಕಾವಲ ಇತ್ತು. ಹುಲಿ ಒತ್ತಟ್ಟಿಗಿರಲಿ, ಅಲ್ಲಿ ಒಂದು ಬೆಕ್ಕು ಸೈತ ಒಳಗ ಬಂದಿಲ್ಲ. ಆಣಿ ಮಾಡಿ ಹೇಳ್ತೀನಿ!"

ಕಾರ್ಖಾನೆಯಿಂದ ನಿವೃತ್ತರಾದ ಕಾಕಾ ಒಬ್ಬರು ಮೂಲೆಯಲ್ಲಿ ಕೂತಿದ್ದರು. ಇಷ್ಟು ವರ್ಷ ನನ್ನ ಎಲ್ಲ ಸಂಗತಿ ಕೇಳಿ ತುಟಿ ಬಿಚ್ಚದವರು. ಚಷ್ಮಾ ತೆಗೆದು ಒರೆಸುತ್ತಾ ಕೇಳಿದರು:

"ಬೆಕ್ಕೂ ಬಂದಿಲ್ಲ?"

"ಇಲ್ರೀ!"

"ಖರೇನ?"

"ಖರೇ ಖರೇ!"

"ಮತ್ತ ನಿನ್ನ ಚಿರತಿ ಎಲ್ಲಿಂದ ಬಂತೋ ಗೌಂಡಿ?"

ನೋಡಿದೆ. ಒಬ್ಬರ ಕಣ್ಣೂ ಮೊಬೈಲಿನಲ್ಲಿರಲಿಲ್ಲ. ಸುಬೇದಾರನು ಯಾರದೋ ತೊಡೆಯ ಮೇಲೆ ಒಬ್ಬನೇ ಮಾತಾಡುತ್ತಿದ್ದ. ಇಡೀ ಕಟ್ಟೆ ನನ್ನ ಬಾಯಿಯನ್ನೇ ನೋಡುತ್ತಿತ್ತು.

ಹೆಗಲು ಕುಣಿಸಿ ಕೆಳಗೆ ಕೂತೆ.

"ಅದು ಭಾಳ ದೊಡ್ಡ ಕತಿ ಅದ ಕಾಕಾ. ಮೊದಲ ಚಹಾ ಹೇಳ್ರಿ."