ಒಂಬತ್ತು ಜನ ಮತ್ತು ನನ್ನ ಮಾಮ

ನನ್ನ ಮಾಮನನ್ನು ಯಾವ ವಿಷಯದಲ್ಲಾದರೂ ಕಣ್ಣು ಮುಚ್ಚಿ ನಂಬಬಹುದು, ಎಂಟು ತಿಂಗಳ ಮಟ್ಟಿಗೆ! ಒಂಬತ್ತನೆಯ ತಿಂಗಳಿಗೆ ಮನುಷ್ಯ ಅಲ್ಲಿರುವುದಿಲ್ಲ.

ಮಾಮ ಎಂದರೆ ಅಮ್ಮನ ಒಬ್ಬನೇ ತಮ್ಮ, ಬ್ರಹ್ಮಚಾರಿ, ಮೆಲ್ಬರ್ನಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಊರವರ ರಕ್ತವನ್ನೆಲ್ಲ ಪರೀಕ್ಷಿಸಿ ನಿವೃತ್ತರಾದವರು. ನಿವೃತ್ತರಾದ ಮಾರನೆಯ ದಿನವೇ ವಿಂಡಮ್ ವೇಲ್‌ನ ಹಿತ್ತಲಲ್ಲಿ ಜೇನು ಸಾಕತೊಡಗಿದರು. ಎಂಟನೆಯ ತಿಂಗಳಲ್ಲಿ ಜೇನುಗಳೇ ಬೇಸತ್ತು ಪಕ್ಕದ ಪಂಜಾಬಿಗಳ ಮನೆಗೆ ವಲಸೆ ಹೋದವು, ವೀಸಾ ಇಲ್ಲ, ಕಾಯಂ ನೆಲೆಯ ಪಿಆರ್ ಇಲ್ಲ! ಆಮೇಲೆ ಬ್ಯಾಗ್‌ಪೈಪ್ ಕಲಿತರು. ಅದನ್ನು ಆ ಬೀದಿಯ ನಾಯಿಗಳೆಲ್ಲ ಸೇರಿ ಬಿಡಿಸಿದವು. ಆಮೇಲೆ ಯೋಗ, ಆಮೇಲೆ ಬಡಗಿ ಕೆಲಸ. ಅವರು ಮಾಡಿಕೊಟ್ಟ ಮೂರೂವರೆ ಕಾಲಿನ ಸ್ಟೂಲು ಈಗಲೂ ನಮ್ಮ ಗ್ಯಾರೇಜಿನಲ್ಲಿ ಗೋಡೆಗೆ ಒರಗಿಕೊಂಡು ಬದುಕಿದೆ.

ಹೀಗಿರುವಾಗ ಒಂದು ಕ್ರಿಸ್ಮಸ್ ಮಧ್ಯಾಹ್ನ. ಬ್ಲ್ಯಾಕ್‌ಟೌನಿನಲ್ಲಿ ಅಮ್ಮನ ಮನೆ. ಹೊರಗೆ ಸಿಡ್ನಿಯ ಉರಿಬಿಸಿಲು, ಒಳಗೆ ಹಂದಿ ಮಾಂಸದ ಬಫಾತ್ ಮತ್ತು ಇಡ್ಲಿಯಂಥ ಸನ್ನ. ಮಂಗಳೂರು ಕಡೆಯ ಕೆಥೊಲಿಕರಿಗೆ ಕ್ರಿಸ್ಮಸ್ ಎಂದರೆ ಮೊದಲು ಚರ್ಚು, ನಂತರ ಹಂದಿ. ಕೆಲವರ ಮನೆಯಲ್ಲಿ ಮೊದಲನೆಯದು ತಪ್ಪೀತು, ಎರಡನೆಯದು ತಪ್ಪಲಿಕ್ಕಿಲ್ಲ. ಅಮ್ಮ ಸೌಟು ಎತ್ತಿದಳು. ಮಾಮ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರು.

"ನನಗೆ ಬೇಡ ಅಕ್ಕ. ನಾನು ಯಹೂದಿ ಆಗ್ತಾ ಇದ್ದೇನೆ."

ಸೌಟಿನಿಂದ ಮಸಾಲೆ ಮೇಜಿನ ಬಟ್ಟೆಯ ಮೇಲೆ ತೊಟ್ಟಿಕ್ಕಿತು. ನನ್ನ ಗಂಡ ನೀರು ಕುಡಿಯುತ್ತಿದ್ದವರು ಕೆಮ್ಮಿದರು. ನನ್ನ ಮಗಳು ಮಾತ್ರ ಫೋನಿನಿಂದ ತಲೆ ಎತ್ತಿ "ಕೂಲ್!" ಎಂದಳು.

"ಎಂತ ಮಾರಾಯ, ಕುಡಿದಿದ್ದೀಯಾ?" ಅಮ್ಮ ಕೇಳಿದಳು. (ಮಾತು ನಡೆದದ್ದು ಕೊಂಕಣಿಯಲ್ಲಿ. ನಿಮಗೋಸ್ಕರ ಕನ್ನಡ ಮಾಡಿದ್ದೇನೆ, ಬೈಗುಳ ಬಿಟ್ಟು.)

"ಇಲ್ಲ ಅಕ್ಕ. ನಾಲ್ಕು ತಿಂಗಳಿಂದ ಓದ್ತಾ ಇದ್ದೇನೆ."

"ನಾಲ್ಕಾ? ಹಾಗಾದ್ರೆ ಇನ್ನು ನಾಲ್ಕು ಬಾಕಿ ಉಂಟು," ಎಂದು ಅಮ್ಮ ನಿಟ್ಟುಸಿರು ಬಿಟ್ಟಳು. ಆದರೂ ಆವತ್ತು ಅವಳು ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ತಮ್ಮ ಏಸುವನ್ನು ಬಿಟ್ಟದ್ದಕ್ಕೋ, ಬಫಾತ್ ಬಿಟ್ಟದ್ದಕ್ಕೋ, ಕೇಳುವ ಧೈರ್ಯ ನನಗಾಗಲಿಲ್ಲ.

ಇನ್ನು ಕುಟುಂಬದ ವಾಟ್ಸಾಪ್ ಗುಂಪು ಸುಮ್ಮನಿರುತ್ತದೆಯೇ? ಒಂದೇ ವಾರದಲ್ಲಿ ಮಾಮನ ಉದ್ದೇಶದ ಬಗ್ಗೆ ಹದಿನೈದು ಸಂಶೋಧನೆಗಳು ಹೊರಬಂದವು. ಯಾರೋ ಶ್ರೀಮಂತ ವಿಧವೆ ಸಿಕ್ಕಿದ್ದಾಳೆ ಎಂದು ಒಬ್ಬರು. ಚರ್ಚಿನ ಹಾಡುಗಾರರ ಕ್ವಾಯರ್‌ನಿಂದ ತೆಗೆದುಹಾಕಿದ್ದಕ್ಕೆ ಸೇಡು ಎಂದು ಇನ್ನೊಬ್ಬರು. ಪಿಆರ್‌ಗಾಗಿ ಎಂದು ಬಂಟ್ವಾಳದಿಂದ ಒಬ್ಬ ಆಂಟಿ ಬರೆದರು. ಮಾಮ ಆಸ್ಟ್ರೇಲಿಯಾದ ಪ್ರಜೆಯಾಗಿ ಇಪ್ಪತ್ತು ವರ್ಷ ದಾಟಿತ್ತು! ಯಾರೊಬ್ಬರಿಗೂ, ನನಗೂ ಸೇರಿ, ಮನುಷ್ಯನಿಗೆ ನಿಜವಾಗಿ ಮನಸ್ಸಾಗಿರಬಹುದು ಎಂದು ಹೊಳೆಯಲೇ ಇಲ್ಲ.

ಉದ್ದೇಶ ಏನೆಂದು ನಾವು ಗುಂಪಿನೊಳಗೇ ಕೇಳಿಕೊಂಡೆವು. ಯಹೂದಿಗಳಲ್ಲಿ ಇದನ್ನು ಕೇಳಲಿಕ್ಕೆಂದೇ ಮೂರು ಗುರುಗಳ ಒಂದು ಮಂಡಳಿ ಇರುತ್ತದೆ. ಬಂದವನನ್ನು ಅವರು ಅಪ್ಪಿಕೊಳ್ಳುವುದಿಲ್ಲ. ವಾಪಸ್ ಕಳಿಸುತ್ತಾರೆ. ಒಂದಲ್ಲ, ಮೂರು ಸಲ! ನೀನು ಏಕೆ ಬಂದೆ, ಹೆಣ್ಣಿಗಾಗಿಯೋ, ಲಾಭಕ್ಕಾಗಿಯೋ ಎಂದು ಬುಡ ಹಿಡಿದು ಅಲುಗಿಸಿ ನೋಡುತ್ತಾರೆ. ನಮ್ಮ ಹಿರಿಯರು ಹಿಂದೊಮ್ಮೆ ಮತ ಬದಲಿಸಿದಾಗ ಯಾರಾದರೂ ಇಷ್ಟು ಕೇಳಿದ್ದರೆ ನಾನೀಗ ಎಲ್ಲಿ ಯಾವ ದೇವರಿಗೆ ಕೈ ಮುಗಿಯುತ್ತಿದ್ದೆನೋ!

ಇಲ್ಲಿಯೇ ಮಾಮ ನಮ್ಮ ಊರಿನವರಷ್ಟೇ ಮಾಡಬಲ್ಲ ತಪ್ಪೊಂದನ್ನು ಮಾಡಿದರು. ನಮ್ಮಲ್ಲಿ ಯಾರ ಮನೆಗೆ ಹೋದರೂ ಚಹಾ ಕೊಟ್ಟ ಕೂಡಲೇ ತೆಗೆದುಕೊಂಡರೆ ಮರ್ಯಾದೆ ಅಲ್ಲ ತಾನೆ? "ಬೇಡ ಬೇಡ, ಈಗಷ್ಟೇ ಆಯ್ತು" ಎಂದು ಮೂರು ಸಲ ಹೇಳಬೇಕು, ನಾಲ್ಕನೆಯ ಸಲ ಕುಡಿಯಬೇಕು. ಹಿರಿಯ ಗುರುಗಳು ಸೋಮವಾರ "ಮನೆಗೆ ಹೋಗಿ ಒಳ್ಳೆಯ ಕೆಥೊಲಿಕ್ ಆಗಿರು" ಎಂದು ಬಾಗಿಲು ಹಾಕಿದರು. ಮಾಮನಿಗೆ ಬಹಳ ಸಂತೋಷವಾಯಿತು. ಎಷ್ಟು ಉಪಚಾರದ ಜನ! ಮಂಗಳವಾರ ಹೋದರು, ಬಾಗಿಲು ಮುಚ್ಚಿತು. ಬುಧವಾರ ಹೋದರು, ಮುಚ್ಚಿತು. ಗುರುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು, ನಗುನಗುತ್ತಾ, ಬಾಗಿಲಲ್ಲಿ ನಿಂತು ಹೇಳಿದರಂತೆ: "ಗುರುಗಳೇ, ಮೂರು ಆಯ್ತಲ್ಲ. ಇನ್ನು ಒಳಗೆ ಬರಬಹುದಾ?"

"ಅದು ಮೂರು ದಿನದ ಲೆಕ್ಕ ಅಂತ ನಿನಗೆ ಯಾರು ಹೇಳಿದರು?"

"ನಮ್ಮಲ್ಲಿ ಚಹಾಕ್ಕೂ ಇದೇ ನಿಯಮ."

ಗುರುಗಳು ಗಡ್ಡದೊಳಗೆ ನಕ್ಕರಂತೆ. ಆಮೇಲೆ "ಇದು ಚಹಾ ಅಲ್ಲ. ಆರು ತಿಂಗಳು ಬಿಟ್ಟು ಬಾ" ಎಂದು ನಾಲ್ಕನೆಯ ಸಲವೂ ಬಾಗಿಲು ಹಾಕಿದರು.

ಆರು ತಿಂಗಳು! ಅಂದರೆ ಎಂಟರ ಗಡಿ ದಾಟಿದ ಹಾಗೆಯೇ. ಅಮ್ಮ ಹಂದಿ ಮಾಂಸದ ಅಂಗಡಿಯವನಿಗೆ ಮುಂದಿನ ಕ್ರಿಸ್ಮಸ್‌ಗೆ ಮಾಮನ ಪಾಲೂ ಸೇರಿಸಿ ಹೇಳಿಟ್ಟಳು. ಆದರೆ ಮಾಮ ಆರು ತಿಂಗಳು ಕಳೆದ ದಿನವೇ ಹೋಗಿ ನಿಂತರು, ಗುರುಗಳು ಪಾಠಕ್ಕೆ ಕೂರಿಸಿಕೊಂಡರು. ಶನಿವಾರ ಯಹೂದಿಗಳ ವಿಶ್ರಾಂತಿಯ ದಿನ, ಕಾರು ಹತ್ತುವಂತಿಲ್ಲ, ಪ್ರಾರ್ಥನಾ ಮಂದಿರಕ್ಕೆ ನಡೆದೇ ಹೋಗಬೇಕು. ಅದಕ್ಕೆ ವಿಂಡಮ್ ವೇಲ್‌ನ ಮನೆಗೆ ಬೀಗ ಹಾಕಿ, ನಗರದ ಆ ತುದಿಯಲ್ಲಿ, ಮಂದಿರದ ಹತ್ತಿರದ ಒಂದು ಕೋಣೆಗೆ ಹೋಗಿ ಸೇರಿದರು.

ಆ ಚಳಿಗಾಲದಲ್ಲಿ ಅವರು ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ನಮ್ಮ ಮನೆಗೆ ಬಂದರು, ಹಂದಿ ತಾಗದ ತಮ್ಮದೇ ಪಾತ್ರೆ, ತಮ್ಮದೇ ಚಮಚ ಹಿಡಿದುಕೊಂಡು. ಶುಕ್ರವಾರ ಸೂರ್ಯ ಮುಳುಗಿದ್ದೇ ತಡ, ಸ್ವಿಚ್ಚು ಮುಟ್ಟುವುದಿಲ್ಲ, ಫೋನು ಮುಟ್ಟುವುದಿಲ್ಲ, ಪೆನ್ನು ಮುಟ್ಟುವುದಿಲ್ಲ. ಆದರೆ ಅವರು ಇನ್ನೂ ಅರ್ಧ ದಾರಿಯಲ್ಲಿದ್ದವರು. ಪೂರ್ತಿ ಪಾಲಿಸುವ ಹಕ್ಕು ಯಹೂದಿಗಳಿಗೆ ಮಾತ್ರ. ಹಾಗಾಗಿ ಪ್ರತಿ ಶನಿವಾರ ಒಂದು ನಿಯಮವನ್ನು ಬೇಕೆಂದೇ ಮುರಿಯಬೇಕು, ಒಂದೇ ಒಂದನ್ನು! ಮಾಮ ಇಡೀ ಬೆಳಿಗ್ಗೆ ಯಾವುದನ್ನು ಮುರಿಯಲಿ ಎಂದು ಚಿಂತೆಯಲ್ಲಿ ಕಳೆದರು. ಕೊನೆಗೆ ಹನ್ನೊಂದು ಗಂಟೆಗೆ, ಕಿಟಕಿಯಿಂದ ಬಿಸಿಲು ಸುರಿಯುತ್ತಿರುವಾಗ, ಗಂಭೀರವಾಗಿ ಎದ್ದು ಅಡುಗೆಮನೆಯ ದೀಪ ಹಾಕಿದರು.

ಹಾಕಿದ್ದಾಯಿತು. ಆರಿಸುವುದು ಹೇಗೆ? ಆರಿಸಿದರೆ ಅದು ಎರಡನೆಯದಾಗುತ್ತದೆ! ನನ್ನ ಗಂಡನ ಮತವೋ, ವಿದ್ಯುತ್ ಉಳಿತಾಯ. ಮನೆಯವರ ಬೆನ್ನ ಹಿಂದೆಯೇ ಬಂದು ದೀಪ ಆರಿಸುವುದು ಅವರ ನಿತ್ಯಕರ್ಮ. ಅವರು ಮೂರು ಸಲ ಸ್ವಿಚ್ಚಿನವರೆಗೆ ಕೈ ಒಯ್ದರು, ಮೂರು ಸಲವೂ ನಾನು ಕಣ್ಣು ಬಿಟ್ಟು ನೋಡಿದೆ. ಆ ದಿನ ನಮ್ಮ ಮನೆಯಲ್ಲಿ ನಿಜವಾಗಿ ಸಂಯಮ ಪಾಲಿಸಿದವರು ಅವರೊಬ್ಬರೇ.

ಆ ಹಗಲುದೀಪದ ಕೆಳಗೆ ಕೂತು ಮಾಮ ನನಗೊಬ್ಬಳಿಗೆ ನಿಜ ಸಂಗತಿ ಹೇಳಿದರು.

ಲಿಯೊ ಎಂಬವರು ಲ್ಯಾಬಿನಲ್ಲಿ ಅವರ ಮೊದಲ ಬಾಸ್, ಈ ದೇಶದಲ್ಲಿ ಅವರನ್ನು ಮೊದಲು ಊಟಕ್ಕೆ ಕರೆದವರು. ಹೆಂಡತಿ ಮಕ್ಕಳಿಲ್ಲದ ಯಹೂದಿ, ಎಂಬತ್ತು ದಾಟಿದವರು. ಅವರ ಅಣ್ಣ ತೀರಿಕೊಂಡಾಗ ಮೂವತ್ತು ದಿನ ಮಂದಿರಕ್ಕೆ ಹೋಗಿ ಕದ್ದಿಶ್ ಎಂಬ ಪ್ರಾರ್ಥನೆ ಹೇಳಬೇಕಿತ್ತು. ಕಣ್ಣು ಮಂಜಾದ್ದರಿಂದ ಕಾರು ಓಡಿಸುವಂತಿಲ್ಲ. ಮಾಮ ಶನಿವಾರ ಬಿಟ್ಟು ದಿನಾ ಬೆಳಿಗ್ಗೆ ವಿಂಡಮ್ ವೇಲ್‌ನಿಂದ ಅಷ್ಟು ದೂರ ಹೋಗಿ ಅವರನ್ನು ಕರೆದೊಯ್ಯುತ್ತಿದ್ದರು. ಆದರೆ ಆ ಪ್ರಾರ್ಥನೆ ಹೇಳಲು ಹತ್ತು ಜನ ಯಹೂದಿ ಗಂಡಸರು ಇರಲೇಬೇಕು. ಸಣ್ಣ ಮಂದಿರ, ಎಲ್ಲ ಮುದುಕರು. ಒಬ್ಬರಿಗೆ ಶೀತವಾದರೂ ಸಂಖ್ಯೆ ತಪ್ಪುತ್ತದೆ.

"ಜನರನ್ನು ಎಣಿಸುವುದು ಅವರಿಗೆ ಅಪಶಕುನ," ಎಂದರು ಮಾಮ. "ಅಜ್ಜಿ ಮಕ್ಕಳನ್ನು ಎಣಿಸ್ಲಿಕ್ಕೆ ಬಿಡ್ತಿರಲಿಲ್ಲ ಅಲ್ವಾ, ಹಾಗೆ. ಅದಕ್ಕೆ ಅವರು ಒಂದಲ್ಲ, ಎರಡಲ್ಲ, ಮೂರಲ್ಲ ಅಂತ ಬೆರಳು ತೋರಿಸಿ ಎಣಿಸ್ತಾರೆ. ಒಂದು ದಿನ ಒಂಬತ್ತಲ್ಲ ಅಂತ ಆಯ್ತು. ಆ ಬೆರಳು ನನ್ನ ಎದುರು ಬಂತು, ನಿಂತಿತು, ಕೆಳಗೆ ಇಳಿಯಿತು. ಮುಕ್ಕಾಲು ಗಂಟೆ ಕಾದೆವು. ಯಾರೂ ಬರಲಿಲ್ಲ. ಲಿಯೊ ಪ್ರಾರ್ಥನೆ ಹೇಳದೆ ಕಾರಲ್ಲಿ ಬಂದು ಕೂತ. ನಾನು ಅಲ್ಲೇ ಇದ್ದೆ ಮಾರಾಯ್ತಿ! ಎರಡು ಕೈ, ಎರಡು ಕಾಲು, ಟೈ ಕೂಡ ಕಟ್ಟಿದ್ದೆ!"

"ಇದನ್ನು ಗುರುಗಳಿಗೆ ಹೇಳಿದ್ದೀರಾ?"

"ಹೇಳಿದ್ದೇನೆ. ಸ್ನೇಹಿತನಿಗಾಗಿ ಬರುವುದು ಬೇರೆ, ದೇವರಿಗಾಗಿ ಬರುವುದು ಬೇರೆ ಅಂದ್ರು. ನನಗೆ ವ್ಯತ್ಯಾಸ ಸರಿ ಗೊತ್ತಾಗಲಿಲ್ಲ."

ಮುಂದಿನ ವರ್ಷ ಮಂಡಳಿಯ ಎದುರು ಹಾಜರಾಗಲು ಕರೆ ಬಂತು. ಮನೆಯವರಲ್ಲಿ ಒಬ್ಬರು ಬಂದರೆ ಒಳ್ಳೆಯದು ಎಂದರಂತೆ. ನಾನು ಸಿಡ್ನಿಯಿಂದ ವಿಮಾನ ಹತ್ತಿದೆ. ಮೂರು ಗಡ್ಡಗಳು, ಒಂದು ಮೇಜು. ಎಡಗಡೆಯ ಗಡ್ಡ ನನ್ನನ್ನು ಕೇಳಿತು: "ನಿಮ್ಮ ಮಾಮ ಪ್ರಾಮಾಣಿಕರು ಎಂದು ನಿಮಗೆ ಹೇಗೆ ಗೊತ್ತು?"

ದಾರಿಯುದ್ದಕ್ಕೂ ಉರು ಹೊಡೆದ ಚಂದದ ವಾಕ್ಯಗಳೆಲ್ಲ ಹಾರಿಹೋದವು. "ಹಂದಿ ಮಾಂಸ ಬಿಟ್ಟಿದ್ದಾರೆ," ಎಂದೆ.

"ಅದನ್ನು ತುಂಬಾ ಜನ ಬಿಡುತ್ತಾರೆ."

"ಸ್ವಾಮಿ, ನೀವು ನನ್ನ ಅಮ್ಮನ ಬಫಾತ್ ತಿಂದಿಲ್ಲ!"

ಮೇಜಿನ ಆಚೆ ಮೂರೂ ಗಡ್ಡಗಳು ಅಲುಗಿದವು. ಗೆದ್ದೆವು ಎಂದುಕೊಂಡೆ. ಅಷ್ಟರಲ್ಲಿ ನಡುವಿನ ಹಿರಿಯರು ಮಾಮನ ಕಡೆ ತಿರುಗಿದರು. "ನಿನ್ನ ಸ್ನೇಹಿತನಿಗೆ ವಯಸ್ಸಾಗಿದೆ. ಅವನು ಹೋದ ಮೇಲೂ ನೀನು ಬರುತ್ತೀಯಾ?"

ಹೌದು ಎನ್ನಬೇಕಿತ್ತು. ಒಂದೇ ಒಂದು ಹೌದು! ಮಾಮ ಕೈಗಳನ್ನು ನೋಡಿಕೊಂಡು ಹೇಳಿದರು: "ಗೊತ್ತಿಲ್ಲ. ನಾನು ಯಾವುದನ್ನೂ ಹೆಚ್ಚು ದಿನ ಹಿಡಿದವನಲ್ಲ."

"ಹಾಗಾದರೆ ಗೊತ್ತಾದ ಮೇಲೆ ಬಾ," ಎಂದರು ಹಿರಿಯರು. ಹೊರಗೆ ಬಂದು ನಾನು ಟ್ರಾಮ್ ಸ್ಟಾಪಿನವರೆಗೂ ಮಾಮನಿಗೆ ಬೈದೆ. ಅವರು ನನಗೆ ಐಸ್‌ಕ್ರೀಮ್ ಕೊಡಿಸಿದರು.

ಆ ಆಗಸ್ಟ್‌ನಲ್ಲಿ ಲಿಯೊ ತೀರಿಕೊಂಡರು. ಅವರಿಗಾಗಿ ಪ್ರಾರ್ಥನೆ ಹೇಳಲು ಮಕ್ಕಳಿರಲಿಲ್ಲ, ಮಂದಿರದವರೇ ಹೇಳಿದರು. ಮಾಮ ಆವತ್ತೂ ಬಾಗಿಲ ಪಕ್ಕ ನಿಂತಿದ್ದರು, ಎಣಿಕೆಗೆ ಸೇರದವರಾಗಿ.

ಇನ್ನು ಕಾರಣ ಮುಗಿಯಿತಲ್ಲ, ತಮ್ಮ ಮರಳಿ ಬಂದ ಎಂದೇ ಅಮ್ಮನ ನಂಬಿಕೆ. ಕ್ರಿಸ್ಮಸ್‌ಗೆ ಮೊದಲು ಫೋನ್ ಮಾಡಿದಳು. "ನಿನ್ನ ಪಾಲಿನ ಬಫಾತ್ ಮಾಡಲಾ?" "ಬೇಡ ಅಕ್ಕ." ಮೊದಲನೆಯ ಬೇಡಕ್ಕೆ ನಮ್ಮಲ್ಲಿ ಬೆಲೆ ಎಲ್ಲಿದೆ? ಮರುದಿನ ಮತ್ತೆ ಕೇಳಿದಳು. ಬೇಡ. ಮೂರನೆಯ ದಿನ ನಾನು ಪಕ್ಕದಲ್ಲೇ ಇದ್ದೆ. "ಸ್ವಲ್ಪವಾದ್ರೂ?" ಎಂದಳು, ಸಣ್ಣ ದನಿಯಲ್ಲಿ. ಆ ಕಡೆಯಿಂದ ಮಾಮ, "ಬೇಡ ಅಕ್ಕ. ನಾನು ಈಗಲೂ ದಿನಾ ಹೋಗ್ತಾ ಇದ್ದೇನೆ," ಎಂದರು.

ಅಮ್ಮ ಫೋನು ಇಟ್ಟು, ದೊಡ್ಡ ಪಾತ್ರೆಯನ್ನು ಒಳಗಿಟ್ಟು ಚಿಕ್ಕದನ್ನು ತೆಗೆದಳು. "ದೇವರ ತಾಯಿ ಕೂಡ ಅವರವಳೇ ಅಲ್ವಾ?" ಎಂದಳು ನನಗೆ ಬೆನ್ನು ಹಾಕಿಕೊಂಡೇ. "ಮರಿಯಮ್ಮನ ತವರಿಗೆ ಹೋದ ಅಂತ ಇಟ್ಟುಕೊಳ್ಳುವ."

ಅದಾದ ಮೇಲೆ ಮಾಮ ಮತ್ತೆ ಮಂಡಳಿಯ ಎದುರು ಹೋದರು, ಈ ಸಲ ಒಬ್ಬರೇ, ಒಪ್ಪಿಗೆಯೂ ಸಿಕ್ಕಿತು. ಮುಂದಿನದ್ದನ್ನು ವಿವರಿಸಲು ನನಗೆ ಸಂಕೋಚ. ಅರವತ್ತು ದಾಟಿದಾಗ ಜನ ಕೇಕು ಕತ್ತರಿಸುತ್ತಾರೆ. ಇವರ ಧರ್ಮಕ್ಕೆ ಸೇರುವ ಗಂಡಸಿಗೆ ಕತ್ತರಿಸುವುದು ಬೇರೆ! ಆ ಸುದ್ದಿ ಬಂದ ದಿನ ಕುಟುಂಬದ ವಾಟ್ಸಾಪ್ ಗುಂಪು ಹುಟ್ಟಿದಂದಿನಿಂದ ಮೊದಲ ಬಾರಿಗೆ ಇಡೀ ದಿನ ಮೌನವಾಗಿತ್ತು. ಮಾಮನ ಉದ್ದೇಶದ ಬಗ್ಗೆ ಆಮೇಲೆ ಯಾರೂ ಸಂಶೋಧನೆ ನಡೆಸಲಿಲ್ಲ.

ಅದೇ ವರ್ಷ ಕೆಲಸದ ಮೇಲೆ ಮೆಲ್ಬರ್ನಿಗೆ ಹೋದವಳು ಒಂದು ಬೆಳಿಗ್ಗೆ ಅವರ ಜೊತೆ ಮಂದಿರಕ್ಕೆ ಹೋದೆ. ಹೆಂಗಸರ ಜಾಗ ತೆಳು ಪರದೆಯ ಹಿಂದೆ. ಮುದುಕರು ಒಬ್ಬೊಬ್ಬರಾಗಿ ಬಂದರು. ಇನ್ನೇನು ಆರಂಭ ಎನ್ನುವಾಗ, ಎಲ್ಲೋ ರಸ್ತೆ ಕೆಲಸಕ್ಕೆ ಹೊರಟಿದ್ದ ಹುಡುಗನೊಬ್ಬ ಹಳದಿ ಜಾಕೆಟ್ಟಿನಲ್ಲೇ ಓಡಿಬಂದ. ಬೂಟಿನ ತುಂಬ ಕೆಸರು. ಅವನ ತಾಯಿ ಹೋಗಿ ವಾರವೂ ಆಗಿರಲಿಲ್ಲವಂತೆ. ಇಲ್ಲಿ ಅವನನ್ನು ಯಾರೂ ಕಂಡವರಲ್ಲ. "ಇವತ್ತು ಹತ್ತು ಜನ ಇದ್ದೀರಾ?" ಎಂದು ಕೇಳಿದ.

ಒಬ್ಬ ಮುದುಕರು ಬೆರಳು ಎತ್ತಿದರು. ಒಂದಲ್ಲ. ಎರಡಲ್ಲ. ಬೆರಳು ನಿಧಾನವಾಗಿ ಸಾಲು ದಾಟಿ ಬಂತು. ಎಂಟಲ್ಲ ಎಂದಾಗ ಆ ಹುಡುಗನ ಮೇಲೆ ನಿಂತಿತು. ಒಂಬತ್ತಲ್ಲ ಎಂದಾಗ ಅವರದ್ದೇ ಎದೆಯ ಮೇಲೆ. ಮಾಮ ಬಾಗಿಲ ಪಕ್ಕ, ಹಳೆಯ ಜಾಗದಲ್ಲೇ ನಿಂತಿದ್ದರು. ಟೈ ಕಟ್ಟಿದ್ದರು. ಬೆರಳು ಅವರ ಕಡೆ ತಿರುಗಿತು.

"ಹತ್ತಲ್ಲ," ಎಂದರು ಮುದುಕರು.

ಆ ಹುಡುಗ ತನ್ನ ತಾಯಿಗಾಗಿ ಪ್ರಾರ್ಥನೆ ಶುರುಮಾಡಿದ. ಪರದೆಯ ಹಿಂದೆ ನನ್ನ ಕೈ ಅಭ್ಯಾಸಬಲದಿಂದ ಶಿಲುಬೆಯ ಗುರುತು ಹಾಕಲು ಹಣೆಗೆ ಹೋಯಿತು. ಇಲ್ಲಿ ಅದು ಸಲ್ಲದು ಎಂದು ನೆನಪಾಗಿ, ಅದೇ ಕೈಯಲ್ಲಿ ಕಣ್ಣು ಒರೆಸಿಕೊಂಡೆ.