ಕಲ್ಲಂಗಡಿ ಮಿಡಿಯತ್ತ ಚಾಚಿದ ತೋರುಬೆರಳಿಗೆ

ರೆನ್ನಿಂಗೆನ್, ಆಗಸ್ಟ್ ೨೦೦೩

ಪಕ್ಕದ ಮನೆಯ ಹೆರ್ ಫೋಗೆಲ್‌ಮನ್ ಅವರ ಬಲಗೈಯಲ್ಲಿ ವಿರಾಜಮಾನರಾಗಿರುವ ತೋರುಬೆರಳಿನವರ ಸನ್ನಿಧಾನಕ್ಕೆ,

ಮಾನ್ಯರೇ,

ಜರ್ಮನಿ ಕಂಪ್ಯೂಟರಿನವರಿಗೆ ಕೊಡುವ ಗ್ರೀನ್ ಕಾರ್ಡಿನ ಮೇಲೆ ಧಾರವಾಡದಿಂದ ತಮ್ಮ ಬೇಲಿಯ ಪಕ್ಕಕ್ಕೆ ಬಂದು ಬಿದ್ದಿರುವ ಶೈಲೇಶನ ಸಾಷ್ಟಾಂಗ ನಮಸ್ಕಾರಗಳು. ನಾವು ಪ್ಲಾಸ್ಟಿಕ್ಕನ್ನು ಕಾಗದದ ಡಬ್ಬಿಗೆ ಹಾಕಿದಾಗ, ಇಲ್ಲಿ ಸದ್ದು ಮಾಡಬಾರದ ಭಾನುವಾರ ಮಿಕ್ಸಿ ತಿರುಗಿಸಿದಾಗ, ಕಾರನ್ನು ಗೆರೆ ದಾಟಿ ನಿಲ್ಲಿಸಿದಾಗ ತಾವು ತಪ್ಪದೆ ಎದ್ದು ನಿಂತು ನಮ್ಮನ್ನು ತಿದ್ದಿದ್ದೀರಿ. ತಮಗೆ ಕನ್ನಡ ಬಾರದೆಂಬ ಧೈರ್ಯದಿಂದ ಈ ದೂರನ್ನು ನಮ್ಮ ಕನ್ನಡ ಸಂಘದ ಪತ್ರಿಕೆಗೆ ಕಳಿಸುತ್ತಿದ್ದೇನೆ.

ವಿಷಯ ಕಲ್ಲಂಗಡಿಯದು. ಚೆಂಡಿನಷ್ಟೇ ಬೆಳೆಯುವ ಪುಟ್ಟ ತಳಿಯ ಬೀಜಗಳನ್ನು ನಾನು ಏಪ್ರಿಲಿನಲ್ಲಿ ಮೊಸರಿನ ಕಪ್ಪುಗಳಲ್ಲಿ ಊರಿ, ಹೀಟರಿನ ಪಕ್ಕ ಬೆಚ್ಚಗಿಟ್ಟು, ಚಳಿ ಹೋದ ಮೇಲೆ ಮನೆಯ ಹಿಂದಿನ ಅಂಗೈಯಗಲದ ತೋಟಕ್ಕೆ ಇಳಿಸಿದೆ. ಮೂರು ತಿಂಗಳ ವೀಸಾದ ಮೇಲೆ ಬಂದ ನನ್ನ ಅವ್ವ ಸಾವಿತ್ರವ್ವ, ಜರ್ಮನಿಯಲ್ಲಿ ಮಗ ಬೆಳೆದ ಹಣ್ಣು ತಿಂದೇ ವಾಪಸು ಬರುತ್ತೇನೆಂದು ಓಣಿಗೆಲ್ಲ ಫೋನಿನಲ್ಲಿ ಸಾರಿಬಿಟ್ಟಳು. ಅಂದಿನಿಂದ ಅದು ನಮ್ಮ ಮನೆತನದ ಮರ್ಯಾದೆಯ ಪ್ರಶ್ನೆಯಾಯಿತು.

ಹೀಗಿರುವಾಗ, ಮೊದಲ ಮಿಡಿ ಕಾಣಿಸಿಕೊಂಡ ಬೆಳಿಗ್ಗೆಯೇ ತಾವು ಬೇಲಿಯ ಮೇಲಿಂದ ಅದರತ್ತ ನೆಟ್ಟಗೆ ಚಾಚಿಕೊಂಡಿರಿ. ನಮ್ಮ ಕಡೆ ಎಳೆಗಾಯಿಗೆ ಯಾರೂ ಬೆರಳು ಮಾಡುವುದಿಲ್ಲ. ತೋರಿಸಲೇಬೇಕಿದ್ದರೆ ಬೆರಳು ಮಡಚಿ ಗೆಣ್ಣಿನಿಂದ ತೋರಿಸುತ್ತೇವೆ. “ಏ ಶೈಲೂ, ಬಟ್ಟ ಮಾಡಿ ತೋರಸಬ್ಯಾಡ್ರಿ ಅಂತ ಹೇಳೋ ಅವ್ರಿಗೆ, ಮಿಡಿ ಕೊಳೀತದ!” ಎಂದು ಅವ್ವ ಅಡುಗೆಮನೆಯಿಂದ ಕೂಗಿದಳು. ಸಂಜೆ ತರಗತಿಯಲ್ಲಿ ಕಲಿತ ನನ್ನ ಜರ್ಮನ್ನಿನಲ್ಲಿ ಅದಕ್ಕೊಂದು ವಾಕ್ಯವಿರಲಿಲ್ಲ. ಮಿಡಿ ಹಳದಿಯಾಗಿ ಉದುರಿತು. ಅದರ ಮುಂದಿನದೂ ಉದುರಿತು.

ಅವ್ವ ತನ್ನ ಹಳೆಯ ಇಳಕಲ್ ಸೀರೆಯನ್ನು ಬಳ್ಳಿಗೆ ಮರೆ ಕಟ್ಟಿದಳು. ತಾವು ಸೀರೆಯತ್ತ ಚಾಚಿದಿರಿ, ತಮ್ಮ ಲ್ಯಾವೆಂಡರಿನ ಮೇಲೆ ಗುಂಯ್‌ಗುಡುತ್ತಿದ್ದ ಜೇನ್ನೊಣಗಳತ್ತ ಚಾಚಿದಿರಿ, ಮತ್ತೆ ಸೀರೆಯತ್ತ. ಈ ಹಟಕ್ಕೆ ಅಂಜಿದ ಅವ್ವ ಇನ್ನೊಂದು ಸೀರೆ ಹೊದಿಸಿ, ಬಳ್ಳಿಗೆ ಮೆಣಸಿನಕಾಯಿ ನಿವಾಳಿಸಿದಳು. ಹೂವು ಬಿಟ್ಟವು, ಒಂದೂ ಕಾಯಿ ನಿಲ್ಲಲಿಲ್ಲ.

ಕೊನೆಗೊಂದು ಬೆಳಿಗ್ಗೆ ತಮ್ಮ ಯಜಮಾನರು ತಾಳ್ಮೆಗೆಟ್ಟು ಗೇಟು ದಾಟಿ ಬಂದು, ಸೀರೆ ಸರಿಸಿ, ಗಂಡುಹೂವೊಂದನ್ನು ಕಿತ್ತು ಹೆಣ್ಣುಹೂವಿಗೆ ಸವರಿದರು. “ಅಯ್ಯ, ಹುಳಾ ಒಳಗ ಬರಬೇಕಲ್ಲೋ! ನಾವ ಬಾಗಲಾ ಹಾಕೇವಿ!” ಎಂದು ಅವ್ವ ಎರಡೂ ಸೀರೆ ಎಳೆದು ಹಾಕಿದಳು. ಮೊದಲ ದಿನವೂ ತಾವು ತೋರಿಸುತ್ತಿದ್ದದ್ದು ಪರಾಗ ಸೋಕದ ಹೂವನ್ನೆಂದು ನನಗೆ ಆಗ ಹೊಳೆಯಿತು. ಈಗ ಒಂದು ಕಾಯಿ, ಒಂದೇ ಒಂದು, ಚೆಂಡಿನಷ್ಟಾಗಿದೆ.

ನ್ಯಾಯವಾಗಿ ದೂರನ್ನು ಹಿಂತೆಗೆದುಕೊಳ್ಳಬೇಕಿತ್ತು. ಆದರೆ ಅವ್ವ ಈಗ ಸಂಜೆಯಾದರೆ ಬೇಲಿಯ ಬಳಿಯೇ ಇರುತ್ತಾಳೆ. ಅವಳದು ಧಾರವಾಡದ ಕನ್ನಡ, ತಮ್ಮ ಯಜಮಾನರದು ಈ ಸೀಮೆಯ ಜರ್ಮನ್, ನಡುವೆ ದುಭಾಷಿ ತಾವು. ಆಫೀಸಿನಿಂದ ಬಂದ ನನಗೆ ಚಹಾ ಕೊಡುವವರಿಲ್ಲ. ಭಾನುವಾರ ಅವಳ ವಿಮಾನ. ಆದ್ದರಿಂದ ಶನಿವಾರದವರೆಗೆ ದಯವಿಟ್ಟು ಮಡಚಿಕೊಂಡಿರಿ. ಸುಮ್ಮನಿರಲಾಗದಿದ್ದರೆ ಮೋಡಗಳತ್ತ ಚಾಚಿ ಅವನ್ನಾದರೂ ಕೊಳೆಸಿ, ಕಾಯಿಗೆ ಬಿಸಿಲು ಬೀಳಿಸಿ ಉಪಕರಿಸಿ.

ಬೇಲಿಯ ಈಚೆಯ ತಮ್ಮ ವಿಶ್ವಾಸಿ,
ಶೈಲೇಶ

ತಾ.ಕ.: ಶನಿವಾರ ಹಣ್ಣು ಕೊಯ್ದೆವು. ಒಳಗೆ ಕೆಂಪಗಿತ್ತು. ಅವ್ವ ಮೊದಲ ಹೋಳು ತಿಂದು, ಮೊಣಕೈವರೆಗೆ ರಸ ಇಳಿಸಿಕೊಂಡು ನಕ್ಕಳು. ಈ ದೇಶಕ್ಕೆ ಬಂದ ಮೇಲೆ ನನಗೆ ಅಷ್ಟು ಖುಷಿ ಎಂದೂ ಆಗಿರಲಿಲ್ಲ. ಆಮೇಲೆ ಬೀಜಗಳನ್ನೆಲ್ಲ ತೊಳೆದು, ಒರೆಸಿ, ಪೊಟ್ಟಣ ಕಟ್ಟಿ, ಮುಂದಿನ ವರ್ಷಕ್ಕೆಂದು ತಮ್ಮ ಯಜಮಾನರ ಕೈಗೆ ಕೊಟ್ಟಳು. ಹೆತ್ತ ಮಗನಾದ ನನಗೆ ಸಿಕ್ಕಿದ್ದು ತೊಳೆಯಬೇಕಾದ ತಟ್ಟೆ.