ರಂಜಕದ ಡಬ್ಬಿಯ ಮುಚ್ಚಳ

ರೈಲು ತಪ್ಪಬಹುದಿತ್ತು. ರೈಲು ತಪ್ಪದಿದ್ದರೆ ನಾನು ತಪ್ಪು ಬೋಗಿ ಹತ್ತಬಹುದಿತ್ತು. ಇರಲಿ ಎಂದು ಒಯ್ದ ಇಂಜೆಕ್ಷನ್ನಿನ ಸುತ್ತಲಿನ ಐಸು ರಾಜಮಂಡ್ರಿಗೆ ಮುಂಚೆಯೇ ಕರಗಿ, ಔಷಧಿ ಬೆಚ್ಚಗಾಗಿ ಕೆಡಬಹುದಿತ್ತು. ರೈಲಿನ ಶೌಚಾಲಯದ ಚಿಲಕವನ್ನು ಒಳಗಿನಿಂದ ಹಾಕಿಕೊಂಡ ಮೇಲೆ ನನ್ನ ಬೆರಳುಗಳಿಗೆ ಅದು ಬಗ್ಗದೆ, ವಿಶಾಖಪಟ್ಟಣ ಬಂದು, ಎಲ್ಲರೂ ಇಳಿದು, ರೈಲು ಯಾರ್ಡಿಗೆ ಹೋದರೂ ನಾನು ಒಳಗೇ ಇರಬಹುದಿತ್ತು. ನಮ್ಮ ಬ್ಯಾಂಕಿನ ಗ್ರಾಹಕರೊಬ್ಬರು ಎದುರು ಸೀಟಿನಲ್ಲೇ ಕೂತು, "ಏನ್ ಸಾರ್, ವೈಜಾಗಿಗೆ ಏನು ಕೆಲಸ?" ಎಂದು ಕೇಳಬಹುದಿತ್ತು. ಚೀಲದಲ್ಲಿದ್ದ ಡಬ್ಬಿಯಿಂದ ರಂಜಕದ ಎಣ್ಣೆ ಸೋರಿ ನನ್ನ ಬಿಳಿ ಅಂಗಿ ಕೆಂಪಾಗಬಹುದಿತ್ತು. ಅಲ್ಲಿ ತಲುಪಿದ ಮೇಲೆ ಹನ್ನೆರಡು ಜನ ರೋಗಿಗಳು ಸುತ್ತ ಕೂತು ಒಬ್ಬರಾದ ಮೇಲೊಬ್ಬರು ಅಳಬಹುದಿತ್ತು. ನನ್ನ ಸರದಿ ಬಂದಾಗ ಅಳು ಬಾರದೆ ಅವಮಾನವಾಗಬಹುದಿತ್ತು, ಅಥವಾ ಬಂದ ಅಳು ನಿಲ್ಲದೆ ಅದಕ್ಕಿಂತ ಹೆಚ್ಚು ಅವಮಾನವಾಗಬಹುದಿತ್ತು. ಯಾರಾದರೂ ಹಾಗಲಕಾಯಿ ರಸ ಕುಡಿಸಬಹುದಿತ್ತು.

ಇಂಥ ಇಪ್ಪತ್ತಮೂರು ಅಪಾಯಗಳನ್ನು ಹೊರಡುವುದಕ್ಕೆ ಒಂದು ವಾರ ಮುಂಚೆಯೇ ಲೆಕ್ಕ ಹಾಕಿಟ್ಟಿದ್ದೆ. ಚಿಂತೆ ಮಾಡುವುದರಲ್ಲಿ ನನಗೆ ಮೂವತ್ತು ವರ್ಷದ ಸರ್ವಿಸ್ ಆಗಿದೆ. ಬ್ಯಾಂಕಿನಲ್ಲಿ ಆಗಿರುವುದು ಇಪ್ಪತ್ತಾರೇ.

ನನ್ನ ರೋಗದ ವಿಷಯ ಹೇಳಿಬಿಡುತ್ತೇನೆ. ಈಗ ಹೇಳುವುದು ಸುಲಭ. ಎರಡು ವರ್ಷ ಮನೆಯ ಹೊರಗೆ ಯಾರಿಗೂ ಹೇಳಿರಲಿಲ್ಲ. ನನಗಿರುವುದು ಸಂಧಿವಾತ, ಅದರಲ್ಲೂ ಡಾಕ್ಟರು ರುಮಟಾಯ್ಡ್ ಎಂದು ಕರೆಯುವ ಜಾತಿಯದು. ಮೈಗೆ ಇಟ್ಟ ಕಾವಲುಗಾರ ಕಳ್ಳರನ್ನು ಬಿಟ್ಟು ಮನೆಯವರನ್ನೇ ಬಡಿಯುತ್ತಾನಲ್ಲ, ಅಂಥ ಕಾಯಿಲೆ. ವಾಸಿಯಾಗುವುದಿಲ್ಲ, ಆದರೆ ಹದ್ದುಬಸ್ತಿನಲ್ಲಿಡಬಹುದು. ಬೆಳಿಗ್ಗೆ ಎದ್ದಾಗ ನಾನು ಎದ್ದಿರುತ್ತೇನೆ, ಬೆರಳುಗಳು ಎದ್ದಿರುವುದಿಲ್ಲ. ಅಂಗಿಯ ಗುಂಡಿ, ನೀರಿನ ಬಾಟಲಿಯ ಬಿರಡೆ, ಬೀಗದ ಕೈ, ಇವೆಲ್ಲ ನನ್ನ ವೈರಿಗಳು. ಆಫೀಸಿನಲ್ಲಿ ಮಾತ್ರ "ಕೈ ಉಳುಕಿದೆ" ಎಂದೇ ಎರಡು ವರ್ಷ ತಳ್ಳಿದೆ. ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕಾಫಿ ಕುಡಿಯುವುದನ್ನು ಕಂಡು ಯಾರೋ ಕೇಳಿದಾಗ, "ಸ್ವಲ್ಪ ಚಳಿ" ಎಂದಿದ್ದೆ. ಅದು ವಿಜಯವಾಡದ ಮೇ ತಿಂಗಳು. ಇದೆಲ್ಲಕ್ಕಿಂತ ದೊಡ್ಡ ಫಜೀತಿ ಸಹಿಯದು. ಸಹಿ ಹೊಂದುತ್ತಿಲ್ಲ ಎಂದು ಜನರ ಚೆಕ್ಕುಗಳನ್ನು ವಾಪಸು ಮಾಡುವ ಕುರ್ಚಿ ನನ್ನದು. ಆ ಕುರ್ಚಿಯಲ್ಲಿ ಕೂತು ವಾಪಸಿನ ಚೀಟಿಗೆ ನಾನು ಹಾಕುತ್ತಿದ್ದ ಸಹಿ ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಗುಟ್ಟು ಒಡೆದದ್ದು ಡಾಕ್ಟರ ಕ್ಲಿನಿಕ್ಕಿನ ಬೆಂಚಿನಲ್ಲಿ. ನೀರಿನ ಬಾಟಲಿಯೊಂದಿಗೆ ಗುದ್ದಾಡುತ್ತಿದ್ದವನನ್ನು ಪಕ್ಕದಲ್ಲಿ ಕೂತವರು ಬಹಳ ಹೊತ್ತು ನೋಡಿ, ಬಾಟಲಿ ತೆಗೆದುಕೊಂಡು, ಬಿರಡೆಯನ್ನು ಹಲ್ಲಿನಲ್ಲಿ ಕಚ್ಚಿ ತಿರುಗಿಸಿ ಕೊಟ್ಟರು. "ನಮ್ಮವರಿಗೆ ಹಲ್ಲೇ ಬೆರಳಂಡಿ" ಎಂದರು, ನಮ್ಮ "ರೀ"ಯಂಥ ತೆಲುಗಿನ "ಅಂಡಿ" ಸೇರಿಸಿ. ಅವರು ಕೊಂಡಪಲ್ಲಿಯ ವೀರಾಚಾರಿ, ಮರದ ಗೊಂಬೆ ಮಾಡುವವರು. ಸಣ್ಣ ಉಳಿ ಹಿಡಿಯಲು ಈಗ ಆಗುವುದಿಲ್ಲ. ತಮ್ಮಂದಿರು ಕೆತ್ತುತ್ತಾರೆ, ಇವರು ಬಣ್ಣ ಹಾಕುತ್ತಾರೆ. "ನಮ್ಮವರು" ಎಂಬ ಆ ಒಂದು ಮಾತಿಗೆ ನಾನು ಸೋತುಹೋದೆ. ಬ್ಯಾಂಕು ನನ್ನನ್ನು ಈ ಊರಿಗೆ ವರ್ಗ ಮಾಡಿದ ಮೇಲೆ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಅವರು ಅಲ್ಲೇ ನನ್ನನ್ನು ಸಂಧಿವಾತದವರ ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದರು.

ಆ ಗುಂಪಿನಲ್ಲಿ ಗುಲಾಬಿ ಹೂವಿನ ಶುಭೋದಯಗಳಿಲ್ಲ. ಬೆಳಿಗ್ಗೆ ಪ್ರತಿಯೊಬ್ಬರೂ ಒಂದು ಸಮಯ ಹಾಕುತ್ತಾರೆ, ಅಷ್ಟೆ. ಆರೂವರೆ. ಎಂಟು. ಒಂಬತ್ತೂ ಕಾಲು. ಅದು ಹಾಜರಿ: ಇವತ್ತು ನನ್ನ ಕೈ ಮುಷ್ಟಿ ಕಟ್ಟಿದ್ದು ಇಷ್ಟು ಗಂಟೆಗೆ ಎಂದರ್ಥ. ಯಾರಾದರೂ ಹನ್ನೊಂದು ದಾಟಿದರೆ ಗುಂಪಿನ ಹಿರಿಯರಾದ ಮಾಣಿಕ್ಯಮ್ಮ ಗಾರು ಫೋನು ಮಾಡುತ್ತಾರೆ. ಆರು ತಿಂಗಳು ನಾನು ಆ ಹಾಜರಿಯನ್ನು ದಿನವೂ ಓದಿದೆ, ಒಮ್ಮೆಯೂ ಹಾಕಲಿಲ್ಲ. ಹಾಕಿದರೆ ರೋಗ ನನ್ನದೆಂದು ಒಪ್ಪಿಕೊಂಡಂತಲ್ಲವೇ? ಬರೀ ಓದಿದರೆ ಪೇಪರು ಓದಿದ ಹಾಗೆ.

ವಿಶಾಖಪಟ್ಟಣದಲ್ಲಿ ಮಾಣಿಕ್ಯಮ್ಮ ಗಾರ ಮನೆಯಲ್ಲಿ ಎಲ್ಲರೂ ಸೇರುವ ಭಾನುವಾರ ಬಂತು. ವೀರಾಚಾರಿ ನನ್ನ ಟಿಕೆಟನ್ನೂ ಮಾಡಿಸಿಬಿಟ್ಟಿದ್ದರು. ನಾನು ಹೆಂಡತಿ ಗಿರಿಜಾಗೆ ಮೆಲ್ಲನೆ ಹೇಳಿದೆ: "ಅಲ್ಲಿ ಕೇಳಿದರೆ, ಕಾಯಿಲೆ ನನಗಲ್ಲ, ನನ್ನ ಹೆಂಡತಿಗೆ, ಅವಳ ಪರವಾಗಿ ಬಂದಿದ್ದೇನೆ ಅಂತ ಹೇಳಲಾ?"

ಗಿರಿಜಾ ಧಾರವಾಡದವಳು. ವಿಜಯವಾಡದ ಪಟಮಟ ಬಡಾವಣೆಯ ಬಾಡಿಗೆ ಮನೆಯಲ್ಲಿ ನಾಲ್ಕು ವರ್ಷ ಇದ್ದರೂ ನಾಲಿಗೆಗೆ ವರ್ಗಾವಣೆ ಆಗಿಲ್ಲ. "ಹೂಂ, ಹಾಕ್ರಿ! ನಿಮ್ಮ ಬ್ಯಾನಿನೂ ನನ್ನ ಕೊಳ್ಳಿಗೇ ಕಟ್ರಿ. ಅಲ್ರೀ, ಅಲ್ಲೇನು ಹುಲಿ ಕುಂತಾವೇನು? ನಿಮ್ಮಂಥವ್ರಽ ಹತ್ತು ಮಂದಿ ಇರ್ತಾರ. ಸುಮ್ಮ ಹೋಗಿ ಉಂಡು ಬರ್ರಿ" ಎಂದವಳೇ ಇಪ್ಪತ್ತು ಕಡಕ್ ಜೋಳದ ರೊಟ್ಟಿ, ಒಂದು ಸ್ಟೀಲಿನ ತಿರುಪು ಡಬ್ಬಿಯ ತುಂಬ ರಂಜಕ ಕಟ್ಟಿಟ್ಟಳು. ಹಣ್ಣು ಮೆಣಸಿನಕಾಯಿ ಅರೆದು ಮೇಲೆ ಎಣ್ಣೆ ನಿಲ್ಲುವಂತೆ ಮಾಡುವ ನಮ್ಮ ಕಡೆಯ ಆ ಕೆಂಪು ಚಟ್ನಿಯನ್ನು ಆಂಧ್ರದವರಿಗೆ ಒಯ್ಯುವುದೆಂದರೆ ಮೀನಿಗೆ ನೀರು ಒಯ್ದಂತೆ ಎಂದೆ. "ಅವ್ರದು ಅವ್ರ ಖಾರ, ನಮ್ಮದು ನಮ್ಮ ಖಾರ" ಎಂದಳು.

ಪ್ರಯಾಣದಲ್ಲಿ ಏನೂ ಆಗಲಿಲ್ಲ. ಐಸು ಕರಗಲಿಲ್ಲ. ಶೌಚಾಲಯಕ್ಕೆ ನಾನು ಹೋಗಲೇ ಇಲ್ಲ, ಆರು ಗಂಟೆ ತಡೆದುಕೊಂಡೆ. ಅನಕಾಪಲ್ಲಿ ದಾಟುವಾಗ ವೀರಾಚಾರಿ ನನ್ನ ಮುಖ ನೋಡಿ, "ಯಾಕಂಡಿ, ಪರೀಕ್ಷೆಗೆ ಹೊರಟ ಹಾಗಿದ್ದೀರಿ?" ಎಂದರು. ಪರೀಕ್ಷೆಯೇ ಆಗಿತ್ತು. ಹೆಂಡತಿಯ ಕಾಯಿಲೆಯ ಪಾಠವನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತಿದ್ದೆ. ಎಲ್ಲ ಗೊತ್ತಿದ್ದ ಸಾಕ್ಷಿ ಪಕ್ಕದಲ್ಲೇ ಕೂತಿದ್ದಾರೆ ಎಂಬುದು ಮಾತ್ರ ತಲೆಗೆ ಹೊಳೆದಿರಲಿಲ್ಲ.

ಮಾಣಿಕ್ಯಮ್ಮ ಗಾರು ನಿವೃತ್ತ ಹೆಡ್‌ಮಿಸ್ಟ್ರೆಸ್. ಬಾಗಿಲಲ್ಲೇ ನಿಂತು ಒಬ್ಬೊಬ್ಬರನ್ನೂ ಒಳಗೆ ಕರೆದರು. ಅಲ್ಲಿ ಯಾರೂ ಕೈ ಕುಲುಕುವುದಿಲ್ಲ, ದೂರದಿಂದಲೇ ನಮಸ್ಕಾರ. ಊಟದ ಮೇಜಿನ ಮೇಲಿನ ಪಾತ್ರೆಗಳಿಗೆಲ್ಲ ಬರೀ ತಟ್ಟೆ ಮುಚ್ಚಿತ್ತು, ಒಂದಕ್ಕೂ ಬಿಗಿಯಾದ ಮುಚ್ಚಳವಿಲ್ಲ. ಇದೇನು ಪದ್ಧತಿ ಎಂದುಕೊಳ್ಳುವಷ್ಟರಲ್ಲಿ ಕಾಫಿ ಬಂತು, ಜೊತೆಗೆ ಪ್ರಶ್ನೆಯೂ ಬಂತು. (ಮಾತೆಲ್ಲ ತೆಲುಗಿನಲ್ಲೇ ನಡೆದದ್ದು, ನಾನು ಕನ್ನಡಕ್ಕೆ ತಂದಿದ್ದೇನೆ. ಆ "ಅಂಡಿ"ಯನ್ನು ಮಾತ್ರ ಬಿಟ್ಟುಕೊಡಲು ಮನಸ್ಸಾಗಲಿಲ್ಲ.)

"ನಿಮ್ಮ ಮನೆಯಲ್ಲಿ ಯಾರಿಗಂಡಿ?"

"ನನ್ನ ಹೆಂಡ..." ಎಂದು ಶುರುಮಾಡಿದ್ದೆ. ಅವರ ಕಣ್ಣು ನನ್ನ ಲೋಟದ ಮೇಲಿತ್ತು. ನಾನೂ ನೋಡಿಕೊಂಡೆ. ಅಭ್ಯಾಸಬಲದಿಂದ ಎರಡೂ ಅಂಗೈಗಳ ನಡುವೆ ಹಿಡಿದಿದ್ದೆ. ತಲೆಯೆತ್ತಿ ನೋಡಿದರೆ ಸುತ್ತ ಹನ್ನೆರಡು ಜನ, ಹನ್ನೆರಡು ಲೋಟ, ಇಪ್ಪತ್ತನಾಲ್ಕು ಅಂಗೈ.

"ಚಳಿಯಾ?" ಎಂದರು ಮಾಣಿಕ್ಯಮ್ಮ ಗಾರು.

ಮನೆ ತುಂಬ ನಗು. ಆ ನಗುವಿನಲ್ಲಿ ನನ್ನ ಎರಡು ವರ್ಷದ ಉಳುಕು ಒಂದೇ ಏಟಿಗೆ ವಾಸಿಯಾಯಿತು. "ನನಗೇ" ಎಂದೆ. ಯಾರೂ ಅಳಲಿಲ್ಲ. ಹಡಗುಕಟ್ಟೆಯಲ್ಲಿ ಫಿಟ್ಟರಾಗಿದ್ದ ಅಪ್ಪಾರಾವು ಎನ್ನುವವರು, ತಾವು ಮೊಮ್ಮಗಳ ನಾಮಕರಣದಲ್ಲಿ ಅಂಗಿಯ ಗುಂಡಿ ಹಾಕಲಾರದೆ ಮೂರು ಗಂಟೆ ಶಾಲು ಹೊದ್ದು ಕೂತಿದ್ದನ್ನು ಹೇಳಿದರು. ನಾನು ಸಹಿಯ ಕಥೆ ಹೇಳಿದೆ. ಎಲ್ಲರೂ ಎಷ್ಟು ನಕ್ಕರೆಂದರೆ, ಇಷ್ಟು ಒಳ್ಳೆಯ ಕಥೆಯನ್ನು ಎರಡು ವರ್ಷ ಬಚ್ಚಿಟ್ಟಿದ್ದಕ್ಕೆ ನನಗೇ ಬೇಸರವಾಯಿತು. ವೀರಾಚಾರಿ ಜೇಬಿನಿಂದ ಒಂದು ಪೆನ್ನು ತೆಗೆದು ಕೊಟ್ಟರು. ಅದಕ್ಕೆ ಮೂಲಂಗಿಯಷ್ಟು ದಪ್ಪದ ಮರದ ಹಿಡಿ, ಮೇಲೆ ಹಸಿರು, ಕೆಂಪು ಗೊಂಬೆಬಣ್ಣ. "ಎಲ್ಲರಿಗೂ ಮಾಡಿಕೊಟ್ಟಿದ್ದೇನಂಡಿ. ನಿಮ್ಮದು ಆರು ತಿಂಗಳಿಂದ ಕಾಯುತ್ತಿತ್ತು" ಎಂದರು.

ಊಟಕ್ಕೆ ಕೂತೆವು. ನಾನು ಹೆಮ್ಮೆಯಿಂದ ರೊಟ್ಟಿಯನ್ನೂ ಡಬ್ಬಿಯನ್ನೂ ಮೇಜಿನ ಮೇಲಿಟ್ಟೆ. ತಿರುಪು ಮುಚ್ಚಳ ಕಂಡದ್ದೇ ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು.

"ಅಯ್ಯೋ, ಹೊಸಬರು" ಎಂದರು ಯಾರೋ, ಮರುಕದಿಂದ.

ನಾನು ತಿರುಗಿಸಿದೆ, ಬರಲಿಲ್ಲ. ವೀರಾಚಾರಿ ಹಲ್ಲು ಹಾಕಲು ನೋಡಿದರು, ಡಬ್ಬಿ ಬಾಯಿಗಿಂತ ದೊಡ್ಡದು. ಒಬ್ಬರು ಬಿಸಿನೀರು ಸುರಿದರು, ಇನ್ನೊಬ್ಬರು ರಬ್ಬರ್ ಬ್ಯಾಂಡು ಸುತ್ತಿದರು. "ಹಡಗಿನ ತಳದ ನಟ್ಟು ಬಿಚ್ಚಿದವನು ನಾನು, ಸರಿಯಿರಿ" ಎಂದು ಬಂದ ಅಪ್ಪಾರಾವು, ಮಂಡಿಯ ನಡುವೆ ಡಬ್ಬಿ ಇಟ್ಟುಕೊಂಡು ಕೆಂಪಾಗಿ, "ಹಡಗೇ ವಾಸಿಯಂಡಿ" ಎಂದು ಕೈಚೆಲ್ಲಿದರು. ಹದಿಮೂರು ಜನ, ಇಪ್ಪತ್ತಾರು ಕೈ, ಒಂದು ಮುಚ್ಚಳ.

"ಪಕ್ಕದ ಮನೆಯವರನ್ನು ಕರೆಯೋಣವೇ?" ಎಂದೆ.

"ಬೇಡಂಡಿ" ಎಂದರು ಮಾಣಿಕ್ಯಮ್ಮ ಗಾರು. "ತಿಂಗಳಿಡೀ ಎಲ್ಲದಕ್ಕೂ ಯಾರನ್ನಾದರೂ ಕರೆಯುತ್ತಲೇ ಇರುತ್ತೇವೆ. ಇದೊಂದು ಭಾನುವಾರ ಯಾರನ್ನೂ ಕರೆಯುವುದಿಲ್ಲ." ಆಮೇಲೆ ಶಾಲೆಯ ದನಿಯಲ್ಲಿ ಕೇಳಿದರು: "ಇದನ್ನು ಮುಚ್ಚಿದವರು ಯಾರು?"

"ನನ್ನ ಹೆಂಡತಿ" ಎಂದೆ. ಈ ಸಲ ಪೂರ್ತಿ ಹೇಳಿದೆ.

"ಅವರಿಗೆ ನಮ್ಮ ಗುಂಪಿಗೆ ಪ್ರವೇಶವಿಲ್ಲ ಅಂತ ಹೇಳಿ."

ರೊಟ್ಟಿಯನ್ನು ಅನಕಾಪಲ್ಲಿಯ ಬೆಲ್ಲ, ತುಪ್ಪದ ಜೊತೆ ತಿಂದೆವು. ಕಡಕ್ ರೊಟ್ಟಿ ಬೆರಳು ತಾಗಿದರೆ ಪಟ್ಟೆಂದು ಮುರಿಯುತ್ತದೆ. ತಮ್ಮ ಕೈಗೆ ಸೋಲುವ ವಸ್ತುವೂ ಲೋಕದಲ್ಲಿದೆ ಎಂಬ ಖುಷಿಗೆ ಒಬ್ಬೊಬ್ಬರೂ ತಿನ್ನುವುದಕ್ಕಿಂತ ಹೆಚ್ಚು ಮುರಿದರು.

ರಾತ್ರಿಯೇ ಊರಿಗೆ ವಾಪಸಾದೆ. ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಗಿರಿಜಾ ಆ ಡಬ್ಬಿ ಹಿಡಿದುಕೊಂಡಳು. ಸೆರಗು ಸುತ್ತಿ ತಿರುವಿದಳು. ಹಲ್ಲು ಕಚ್ಚಿ ತಿರುವಿದಳು. "ಇದನ್ನ ಯಾವ ಪುಣ್ಯಾತ್ಮ ಮುಚ್ಚ್ಯಾನ್ರೀ?"

"ನೀನೇ ಅಲ್ಲವೇ?"

"ನಾ ಸುಮ್ಮ ಮ್ಯಾಲ ಇಟ್ಟಿದ್ದೆ. ಎಣ್ಣಿ ಸೋರಿ ಅಂಗಿ ಕೆಡತದ ಅಂತ ನೀವಽ ಅಲ್ಲಾ, ಹೊರಡೋ ಮುಂದ ನಾಕು ಸಲ ಬಂದು ಬಂದು ಬಿಗಿ ಮಾಡಿದ್ರಿ?"

ನಾನು ನನ್ನ ಬಲಗೈ ನೋಡಿಕೊಂಡೆ. ಹೊಸ ಇಂಜೆಕ್ಷನ್ ಶುರುವಾಗಿ ಮೂರು ತಿಂಗಳಾಗಿತ್ತು. ಸುಧಾರಿಸುತ್ತಿದೆ ಎಂದು ಡಾಕ್ಟರು ಎರಡು ಸಲ ಹೇಳಿದ್ದರು, ನಾನು ನಂಬಿರಲಿಲ್ಲ. ನೀರಿನ ಬಾಟಲಿ ತೆಗೆಯಲಾರದ ಕೈ, ಸೋರೀತೆಂಬ ಚಿಂತೆಯಲ್ಲಿ ತಾನು ರೋಗಿ ಎಂಬುದನ್ನೇ ಮರೆತಿತ್ತು.

ಅಂದು ಗುಂಪಿನಲ್ಲಿ ಮೊದಲ ಸಲ ಹಾಜರಿ ಹಾಕಿದೆ: "ಏಳೂ ಕಾಲು. ಮುಚ್ಚಳ ಮುಚ್ಚಿದ್ದು ನನ್ನ ಹೆಂಡತಿಯಲ್ಲ, ನಾನು." ಒಂದು ನಿಮಿಷದಲ್ಲಿ ಮಾಣಿಕ್ಯಮ್ಮ ಗಾರ ಉತ್ತರ ಬಂತು: "ತೆಗೆಯಬೇಡಿ. ಮುಂದಿನ ಸಲ ಹಾಗೇ ತನ್ನಿ. ಎಲ್ಲರೂ ನೋಡಬೇಕು."

ಈಗ ಬ್ಯಾಂಕಿನಲ್ಲಿ ಮೂಲಂಗಿ ಪೆನ್ನಿನಲ್ಲೇ ಸಹಿ ಮಾಡುತ್ತೇನೆ. ಕೇಳಿದವರಿಗೆ ಕಾರಣ ಹೇಳುತ್ತೇನೆ. ಕೇಳದವರಿಗೂ ಹೇಳುತ್ತೇನೆ ಎಂದು ಗಿರಿಜಾ ಆಡಿಕೊಳ್ಳುತ್ತಾಳೆ. ಇಪ್ಪತ್ತಮೂರು ಅಪಾಯಗಳಲ್ಲಿ ಒಂದೂ ನಡೆಯಲಿಲ್ಲ. ಕೈಕೊಟ್ಟದ್ದು ಪಟ್ಟಿಯಲ್ಲೇ ಇಲ್ಲದ ಆ ಮುಚ್ಚಳವೊಂದೇ. ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೆ ಹಾಗೇ ಕೂತಿದೆ. ಮೊನ್ನೆ ಯಾರೂ ಇಲ್ಲದಾಗ ಸುಮ್ಮನೆ ಹಿಡಿದು ತಿರುಗಿಸಿ ನೋಡಿದೆ. ಒಂದು ಕೂದಲೆಳೆಯಷ್ಟು ಅಲುಗಿದಂತಾಯಿತು. ಎಲ್ಲರಿಗೂ ತೋರಿಸುವ ಮೊದಲೇ ತೆರೆದೀತೆಂದು ಹೆದರಿಕೆಯಾಗಿ, ಮತ್ತೆ ಬಿಗಿ ಮಾಡಿ ಇಟ್ಟೆ.